ಹೆಜ್ಜೆಯಲ್ಲಿ ಕಾಣುವ ಪ್ರಕೃತಿ

ಕೊಯ್ಲು ಮುಗಿದು ಚಳಿ ಬಲಿಯುವ ಹೊತ್ತಿಗೆ ನಮ್ಮ ಶಿಕಾರಿಪುರ–ಸೊರಬ ಸೀಮೆಯ ದಾರಿಗಳಲ್ಲಿ ನಡೆದು ಹೋಗುವವರ ಗುಂಪುಗಳು ಕಾಣತೊಡಗುತ್ತವೆ. ಹರಕೆ ಹೊತ್ತು ಚಂದ್ರಗುತ್ತಿಯ ರೇಣುಕಾಂಬೆಯ ಸನ್ನಿಧಿಗೆ ನಡೆಯುವವರು ಕೆಲವರು. ರಜೆ ದೊರೆತ ಉಪಾಧ್ಯಾಯರು, ನಿವೃತ್ತ ನೌಕರರು, ದೂರದ ನಗರಗಳಿಂದ ಊರಿಗೆ ಬಂದ ಮಕ್ಕಳು ಒಟ್ಟುಗೂಡಿ ಉಡುಗಣಿ, ಬಳ್ಳಿಗಾವಿ, ತಾಳಗುಂದ, ಕುಬಟೂರುಗಳನ್ನು ಕಾಲ್ನಡಿಗೆಯಲ್ಲಿಯೇ ಕಂಡು ಬರುವವರು ಇನ್ನು ಕೆಲವರು. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಸುಮಾರು 20 ಕಿಲೋಮೀಟರ್. ಅಲ್ಲಿಂದ ಬಳ್ಳಿಗಾವಿ ಹತ್ತಿರವೇ. ಸೊರಬದಿಂದ ಗುಡವಿಯ ಪಕ್ಷಿಧಾಮಕ್ಕೆ ಸುಮಾರು 16 ಕಿಲೋಮೀಟರ್. ಕೆರೆಯ ಏರಿಗಳೂ ಅಡಕೆಯ ತೋಟಗಳೂ ಗದ್ದೆಯ ಬಯಲುಗಳೂ ಒಂದಾದ ಮೇಲೊಂದು ಎದುರಾಗುವ ಈ ಅರೆಮಲೆನಾಡು ನಡೆಯುವವರಿಗೆಂದೇ ಹಾಸಿಟ್ಟಂತಿದೆ.

ಇಂತಹ ಪ್ರವಾಸ ಮುಗಿಸಿ ಬಂದವರನ್ನು ನಾವು ಹಲವು ವರ್ಷಗಳಿಂದ ನಮ್ಮ ಚಿಕಿತ್ಸಾಲಯದಲ್ಲಿ ಕಾಣುತ್ತ ಬಂದಿದ್ದೇವೆ. ದಾರಿ ಒಂದೇ, ಬಿಸಿಲು ಒಂದೇ, ಉಂಡದ್ದೂ ಒಂದೇ ಪಂಕ್ತಿಯಲ್ಲಿ. ಆದರೂ ಒಬ್ಬರು ಮುಖದಲ್ಲಿ ಕಳೆ ತುಂಬಿಕೊಂಡು, ಹಸಿವು ನಿದ್ರೆಗಳು ಸರಿಹೋದುವೆಂದು ಹೇಳಿ ಹೋಗುತ್ತಾರೆ. ಅವರ ಜೊತೆಯಲ್ಲೇ ನಡೆದ ಇನ್ನೊಬ್ಬರು ನಿದ್ರೆಗೆಟ್ಟು, ಮಲಬದ್ಧತೆಯಿಂದ ಬಳಲಿ, ಸೊಂಟ ಹಿಡಿದುಕೊಂಡು ಬರುತ್ತಾರೆ. ಮೂರನೆಯವರಿಗೆ ಅಂಗಾಲಿನ ಉರಿ, ತಲೆಶೂಲೆ, ಮೂರು ದಿನವಾದರೂ ಇಳಿಯದ ಸಿಡುಕು. ನಡಿಗೆ ಹಿತವೋ ಅಹಿತವೋ ಎಂದು ಇವರನ್ನು ಕೇಳಿದರೆ ಮೂವರೂ ಮೂರು ಉತ್ತರ ಕೊಡುತ್ತಾರೆ. ಮೂರೂ ಸತ್ಯವೇ ಆಗಿರುತ್ತವೆ. ನಡೆಯುವವರ ಪ್ರಕೃತಿಯನ್ನು ಅರಿಯದೆ ನಡಿಗೆಯ ಗುಣದೋಷಗಳನ್ನು ಹೇಳಲಾಗದು. ಆ ಅರಿವಿಗಾಗಿಯೇ ಈ ಲೇಖನ.

ಚಂಕ್ರಮಣ ಮತ್ತು ಅಧ್ವ

ನಮ್ಮ ಪ್ರಾಚೀನ ವೈದ್ಯರು ನಡಿಗೆಗೆ ಎರಡು ಬೇರೆ ಬೇರೆ ಹೆಸರುಗಳನ್ನು ಇಟ್ಟಿದ್ದಾರೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯದಲ್ಲಿ ಇವು ಅಕ್ಕಪಕ್ಕದಲ್ಲೇ ಬರುತ್ತವೆ. ಒಂದು ‘ಅಧ್ವ’, ಅಂದರೆ ದೂರದ ದಾರಿಯನ್ನು ನಡೆದು ಸವೆಸುವುದು. ಅದು ಕಫವನ್ನೂ ಸ್ಥೌಲ್ಯವನ್ನೂ ಕರಗಿಸುತ್ತದೆ, ನಿಜ; ಅದರೊಡನೆ ಮೈಬಣ್ಣವನ್ನೂ ಸೌಕುಮಾರ್ಯವನ್ನೂ ಕಳೆಯುತ್ತದೆ. ಇನ್ನೊಂದು ‘ಚಂಕ್ರಮಣ’, ಅಂದರೆ ದೇಹಕ್ಕೆ ಅತಿಯಾದ ಪೀಡೆಯಾಗದಷ್ಟು ನಡೆಯುವುದು. ಇದು ಆಯುಸ್ಸು, ಬಲ, ಮೇಧೆ, ಜಠರಾಗ್ನಿಗಳನ್ನು ಹೆಚ್ಚಿಸಿ ಇಂದ್ರಿಯಗಳನ್ನು ಎಚ್ಚರಗೊಳಿಸುತ್ತದೆಂದು ಆಚಾರ್ಯರು ಹೇಳುತ್ತಾರೆ.

ಎರಡರ ನಡುವಣ ಗಡಿಯನ್ನು ಕಿಲೋಮೀಟರಿನಲ್ಲಿ ಗುರುತಿಸಲು ಬಾರದು. ಹತ್ತು ಕಿಲೋಮೀಟರ್ ಒಬ್ಬರಿಗೆ ಚಂಕ್ರಮಣ, ಇನ್ನೊಬ್ಬರಿಗೆ ಅಧ್ವ. ಆದುದರಿಂದಲೇ ಆಯುರ್ವೇದವು ವ್ಯಾಯಾಮಕ್ಕೆ ‘ಅರ್ಧಶಕ್ತಿ’ ಎಂಬ ಅಳತೆಯನ್ನು ಕೊಟ್ಟಿದೆ. ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರು ಮೂಡಿ ಬಾಯಿ ಆರತೊಡಗಿದರೆ ಅರ್ಧಶಕ್ತಿ ವೆಚ್ಚವಾಯಿತೆಂದು ತಿಳಿಯಬೇಕು. ಉಳಿದರ್ಧ ಮನೆಗೆ ಮರಳುವುದಕ್ಕೆ, ಉಂಡದ್ದನ್ನು ಅರಗಿಸುವುದಕ್ಕೆ, ಮಾರನೆಯ ದಿನಕ್ಕೆ.

ನಡೆದವರ ನೆಲ

ದೂರ ನಡೆಯುವುದು ಈ ಸೀಮೆಗೆ ಹೊಸತಲ್ಲ. ಕದಂಬವಂಶದ ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಗೆ ಹೋದ ಸಂಗತಿಯನ್ನು ತಾಳಗುಂದದ ಸ್ತಂಭಶಾಸನ ಇಂದಿಗೂ ಹೇಳುತ್ತಿದೆ. ಉಡುತಡಿಯ ಅಕ್ಕಮಹಾದೇವಿ ಮನೆಯನ್ನು ತೊರೆದು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದವಳು. ಬಳ್ಳಿಗಾವಿಯ ಅಲ್ಲಮಪ್ರಭುಗಳು ಊರೂರು ಸಂಚರಿಸಿದವರು. ಒಂದೇ ಗುರಿಯನ್ನು ಕಣ್ಣಮುಂದಿಟ್ಟುಕೊಂಡು ನಡೆದ ಆ ತಾಯಿ, ಹೋದಲ್ಲೆಲ್ಲ ನಿಂತು ಮಾತನಾಡಿಸುತ್ತ ನಡೆದ ಆ ಪ್ರಭು: ನೆರೆಯೂರುಗಳಲ್ಲಿ ಹುಟ್ಟಿದ ಇಬ್ಬರ ನಡಿಗೆಯ ರೀತಿ ಬೇರೆಯಾಗಿತ್ತೆಂದೇ ನಮ್ಮ ಪರಂಪರೆ ನೆನೆಯುತ್ತದೆ. ಆ ಮಹನೀಯರನ್ನು ತ್ರಿದೋಷಗಳ ತಕ್ಕಡಿಯಲ್ಲಿ ತೂಗುವ ಧಾರ್ಷ್ಟ್ಯ ನಮಗಿಲ್ಲ. ನಡಿಗೆಯಲ್ಲಿ ಭಿನ್ನತೆಯಿದ್ದರೆ ಅದು ಕೊರತೆಯಲ್ಲವೆಂಬ ಮಾತಿಗೆ ಮಾತ್ರ ಅವರನ್ನು ಸ್ಮರಿಸಿದ್ದೇವೆ.

ದಣಿದು ಬಂದವರ ಆರೈಕೆಯೂ ಈ ನೆಲದ ಸಂಪ್ರದಾಯವೇ. ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಆ ಮಠವನ್ನು ವಿದ್ಯೆಯ ನೆಲೆಯೆಂದು ಹೊಗಳುವುದರ ಜೊತೆಗೆ, ಬಡವರಿಗೂ ಅಂಗವಿಕಲರಿಗೂ ಅನ್ನ ದೊರೆಯುವ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವೆಂದೂ ಹೇಳುತ್ತದೆ. ಇಂದು ಅಲ್ಲಿಗೆ ನಡೆದು ಹೋಗುವವರು ಇದನ್ನು ನೆನೆದು ಕೆಲವು ನಿಮಿಷ ಕುಳಿತು ಬರಲಿ.

ಇನ್ನು ಪ್ರಕೃತಿಗಳ ವಿಚಾರ. ಚರಕಾಚಾರ್ಯರು ವಿಮಾನಸ್ಥಾನದಲ್ಲಿ ವಾತ, ಪಿತ್ತ, ಕಫಗಳಲ್ಲಿ ಒಂದೊಂದೇ ಪ್ರಧಾನವಾದ ಮೂರು, ಎರಡೆರಡು ಕೂಡಿದ ಮೂರು, ಎಲ್ಲವೂ ಸಮವಾಗಿರುವ ಒಂದು, ಹೀಗೆ ಏಳು ಬಗೆಯ ಪ್ರಕೃತಿಗಳನ್ನು ಹೇಳಿದ್ದಾರೆ. ನಮ್ಮಲ್ಲಿ ಹೆಚ್ಚಿನವರು ಎರಡು ಕೂಡಿದವರೇ. ಆದರೂ ಮೂರನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ ಮಿಶ್ರವನ್ನು ಅರಿಯುವುದು ಸುಲಭ. ಮನೆಯಲ್ಲಿ ಕುಳಿತಾಗ ಮರೆಯಾಗಿರುವ ಪ್ರಕೃತಿ ಎರಡು ದಿನದ ನಡಿಗೆಯಲ್ಲಿ ತಾನಾಗಿ ಹೊರಬೀಳುತ್ತದೆ.

ಗಾಳಿಯಂತೆ ನಡೆಯುವವರು

ಪ್ರವಾಸದ ವಿಚಾರ ಮೊದಲು ಹುಟ್ಟುವುದೇ ವಾತಪ್ರಕೃತಿಯವರ ತಲೆಯಲ್ಲಿ. ರಾತ್ರಿ ಹೊಳೆದದ್ದನ್ನು ಬೆಳಿಗ್ಗೆಯೇ ಮಾಡಿಬಿಡಬೇಕೆಂಬ ತವಕ. ನಡಿಗೆ ಹಗುರ, ಚುರುಕು. ಕಣ್ಣು ನಾಲ್ಕು ದಿಕ್ಕಿಗೆ. ದಾರಿಯಲ್ಲಿ ಕಂಡ ವೀರಗಲ್ಲು, ಹಾರಿದ ಹಕ್ಕಿ, ಎದುರಾದ ಅಪರಿಚಿತರು, ಎಲ್ಲದರಲ್ಲೂ ಅವರಿಗೆ ಆಸಕ್ತಿ. ಮಾತು ನಿಲ್ಲುವುದಿಲ್ಲ. ತಾಳಗುಂದಕ್ಕೆಂದು ಹೊರಟವರನ್ನು ಅರ್ಧದಾರಿಯಲ್ಲಿ ಬಂದಳಿಕೆಯ ಕಡೆ ತಿರುಗಿಸಬಲ್ಲವರು ಇವರೇ. ಇವರಿಲ್ಲದ ಪ್ರವಾಸ ಸಪ್ಪೆ.

ಆದರೆ ಇವರ ಶಕ್ತಿ ಒಣಹುಲ್ಲಿನ ಬೆಂಕಿಯಂತೆ ಬೇಗ ಹೊತ್ತಿ ಬೇಗ ಆರುವಂಥದು. ನಡೆಯುವಾಗ ಸಂದುಗಳು ಸದ್ದು ಮಾಡುವುದನ್ನು ಚರಕರು ಈ ಪ್ರಕೃತಿಯ ಲಕ್ಷಣವೆಂದೇ ಗುರುತಿಸಿದ್ದಾರೆ. ಚಳಿಯನ್ನು ತಾಳರು. ಹಾಸಿಗೆ ಬದಲಾದರೆ ನಿದ್ರೆ ಬಾರದು. ನೀರು ಬದಲಾದರೆ ಮಲವಿಸರ್ಜನೆ ನಿಲ್ಲುತ್ತದೆ. ಹರಟೆಯಲ್ಲಿ ಮೈಮರೆತು ಊಟದ ಹೊತ್ತು ಮೀರಿಸಿ, ಮಂಡಕ್ಕಿ, ಬಿಸ್ಕತ್ತುಗಳಲ್ಲಿ ದಿನ ಕಳೆದುಬಿಡುತ್ತಾರೆ. ಮೂರನೆಯ ದಿನ ಸೊಂಟನೋವು, ಮೀನಖಂಡದ ಸೆಳೆತ, ಕಾರಣವಿಲ್ಲದ ಅಂಜಿಕೆ.

ಇವರಿಗೆ ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ಸಾಕು. ಅದನ್ನೂ ಎರಡು ಹೊತ್ತಾಗಿ ಹಂಚಿಕೊಳ್ಳಬೇಕು. ಬಿಸಿಯಾದ, ತುಪ್ಪ ಹಾಕಿದ ಮೆತ್ತನೆಯ ಅನ್ನ, ಬೆಚ್ಚನೆಯ ನೀರು, ಕಿವಿಗೆ ಬಟ್ಟೆ ಇರಲಿ. ರಾತ್ರಿ ಮಲಗುವ ಮುನ್ನ ಬೆಚ್ಚಗಿನ ಎಳ್ಳೆಣ್ಣೆಯಿಂದ ಅಂಗಾಲನ್ನು ತಿಕ್ಕಿಕೊಳ್ಳುವ ಪಾದಾಭ್ಯಂಗ ಇವರಿಗೆ ಪರಮ ಹಿತ. ಪಾದಗಳ ಒರಟುತನ, ಬಿಗಿತ, ಆಯಾಸ, ಜೋಮುಗಳನ್ನು ಅದು ಶಮನಗೊಳಿಸುತ್ತದೆಂದು ಚರಕರು ಹೇಳಿದ್ದಾರೆ. ನಿದ್ರೆಯೂ ಬೇಗ ಬರುತ್ತದೆ.

ಬೆಂಕಿಯಂತೆ ನಡೆಯುವವರು

ಪಿತ್ತಪ್ರಕೃತಿಯವರ ಕೈಯಲ್ಲಿ ಗಡಿಯಾರವಿರುತ್ತದೆ. ಈಚೆಗೆ ಹೆಜ್ಜೆ ಎಣಿಸುವ ಯಂತ್ರವೂ ಇರುತ್ತದೆ. ಎಷ್ಟು ದೂರವಾಯಿತು, ಎಷ್ಟು ಉಳಿಯಿತು, ಯಾರು ತಡಮಾಡಿದರು, ಎಲ್ಲವೂ ಅವರಿಗೆ ಲೆಕ್ಕ. ಗುಂಪಿಗೆ ಶಿಸ್ತು ತರುವವರು, ತಂಗುವ ಛತ್ರವನ್ನು ಮೊದಲೇ ಗೊತ್ತುಮಾಡುವವರು ಇವರು. ಸದಾ ಮುಂದೆ ನಡೆಯುತ್ತಾರೆ. ಹಿಂದೆ ಉಳಿದವರ ಮೇಲೆ ಮುನಿಯುತ್ತಾರೆ. ಹಸಿವು ಬಾಯಾರಿಕೆಗಳು ತೀಕ್ಷ್ಣ, ಬಿಸಿಲು ಅಸಹ್ಯ. ಹನ್ನೊಂದು ಗಂಟೆಯ ಮೇಲೆ ಇವರ ಮಾತಿನಲ್ಲಿ ಖಾರ ಹೆಚ್ಚುವುದನ್ನು ಜೊತೆಗಾರರೆಲ್ಲ ಬಲ್ಲರು.

ಇವರು ಸೂರ್ಯೋದಯಕ್ಕೆ ಮುನ್ನ ಹೊರಟು ಒಂಬತ್ತು, ಹತ್ತು ಗಂಟೆಗೆಲ್ಲ ನೆರಳು ಸೇರಬೇಕು. ಕೊಡೆ ಹಿಡಿಯಲು ನಾಚಬಾರದು. ಕೊಡೆ, ಪಾದರಕ್ಷೆ, ಊರುಗೋಲು, ಈ ಮೂರನ್ನೂ ಚರಕರು ನಿತ್ಯದ ಆರೋಗ್ಯಕ್ರಮದಲ್ಲಿಯೇ ಸೇರಿಸಿದ್ದಾರೆ. ಹುಳಿಯಿಲ್ಲದ ಮಜ್ಜಿಗೆ, ಎಳನೀರು, ಲಾವಂಚದ ಬೇರು ನೆನೆಸಿದ ನೀರು, ನಮ್ಮ ಮಲೆನಾಡಿನ ಒಂದೆಲಗದ ತಂಬುಳಿ ಇವರಿಗೆ ತಕ್ಕವು. ಅಂಗಾಲಿಗೆ ಕೊಬ್ಬರಿ ಎಣ್ಣೆ ಒಳ್ಳೆಯದು.

ಇವರಿಗೆ ಹೇಳಬೇಕಾದ ಇನ್ನೊಂದು ಮಾತು ಬಹಳ ಮುಖ್ಯವಾದುದು. ತಡೆಯಬಾರದ ಹದಿಮೂರು ಸಹಜ ವೇಗಗಳನ್ನು ಚರಕರು ಪಟ್ಟಿ ಮಾಡಿದ್ದಾರೆ. ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ರೆಗಳನ್ನು ಎಲ್ಲರೂ ಬಲ್ಲರು. ಆ ಪಟ್ಟಿಯ ಕೊನೆಯಲ್ಲಿರುವುದು ಶ್ರಮಶ್ವಾಸ, ಅಂದರೆ ದಣಿದಾಗ ಬರುವ ಏದುಸಿರು. ಅದನ್ನು ಅದುಮಿಟ್ಟರೆ ಹೃದ್ರೋಗವೂ ಮೂರ್ಛೆಯೂ ಉಂಟಾಗಬಹುದೆಂದು ಎಚ್ಚರಿಸಿದ್ದಾರೆ. ಪಿತ್ತದವರು ಅದುಮಿಡುವುದು ಇದನ್ನೇ. ತಮ್ಮ ಏದುಸಿರು ಇನ್ನೊಬ್ಬರಿಗೆ ಕೇಳಿಸಬಾರದೆಂಬ ಅಭಿಮಾನ ಅವರದು.

ಐವತ್ತು ದಾಟಿದ ಗೃಹಸ್ಥರೊಬ್ಬರು ಚಂದ್ರಗುತ್ತಿಯ ಗುಡ್ಡವನ್ನು ಎಲ್ಲರಿಗಿಂತ ಮುಂದಾಗಿ ಏರುತ್ತಿದ್ದಾಗ ಎದೆ ಬಿಗಿಯಿತು. ಗ್ಯಾಸ್ಟ್ರಿಕ್ ಎಂದು ಹೇಳಿಕೊಂಡು ಹೆಜ್ಜೆ ಇನ್ನೂ ಬಿರುಸು ಮಾಡಿದರು. ದಾರಿಯುದ್ದಕ್ಕೂ ಎಲ್ಲರನ್ನೂ ಗದರಿಸುತ್ತಿದ್ದ ಗಂಡ ಒಮ್ಮೆಲೇ ಸುಮ್ಮನಾದುದನ್ನು ಕಂಡು ಹೆಂಡತಿ ಅವರನ್ನು ಬಂಡೆಯೊಂದರ ಮೇಲೆ ಕೂರಿಸಿ, ಇನ್ನು ಒಂದು ಹೆಜ್ಜೆಯೂ ಇಡಕೂಡದೆಂದು ಹಟ ಹಿಡಿದರು. ಸಕಾಲದಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದರಿಂದ ಪ್ರಾಣ ಉಳಿಯಿತು. ಮುಂದೆ ಅವರು ಪಥ್ಯದ ವಿಚಾರ ಕೇಳಲು ನಮ್ಮಲ್ಲಿಗೆ ಬಂದಾಗ ಈ ವೃತ್ತಾಂತವನ್ನು ಹೇಳಿದವರು ಆ ತಾಯಿಯೇ. ನಡೆಯುವಾಗ ಎದೆಯ ನಡುವೆ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಬಂದರೆ ಅದು ಯಾವ ಪ್ರಕೃತಿಯವರಿಗೇ ಆಗಲಿ, ಕಷಾಯದ ಕಾಲವಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಆನೆಯಂತೆ ನಡೆಯುವವರು

ಕಫಪ್ರಕೃತಿಯವರನ್ನು ಹೊರಡಿಸುವುದು ಕಷ್ಟ. ಹೊರಟ ಮೇಲೆ ನಿಲ್ಲಿಸುವುದು ಕಷ್ಟ. ಹೆಜ್ಜೆ ನಿಧಾನ, ಆದರೆ ಊರಿದಲ್ಲಿ ಅಲುಗದು. ಅವಸರವಿಲ್ಲ, ದೂರಿಲ್ಲ. ಗುಂಪಿನ ಚೀಲಗಳು ಒಂದೊಂದಾಗಿ ಇವರ ಹೆಗಲಿಗೆ ಸೇರುತ್ತವೆ. ಎಲ್ಲಿ ತಲೆಯಿಟ್ಟರೂ ನಿದ್ರೆ. ಜಗಳವಾದರೆ ಬಿಡಿಸುವವರೂ ಇವರೇ. ದೂರದ ನಡಿಗೆಗೆ ಹುಟ್ಟಿನಿಂದಲೇ ಒಪ್ಪುವ ಶರೀರ ಇವರದು.

ಇವರಿಗೆ ಪಥ್ಯ ಸರಳ. ಬೆಳಿಗ್ಗೆ ಬೇಗ ಏಳಬೇಕು, ಉಂಡೊಡನೆ ಮರದಡಿ ಮಲಗಬಾರದು. ಜೋಳದ ರೊಟ್ಟಿ, ಹುರುಳಿಕಟ್ಟಿನ ಸಾರು, ಶುಂಠಿ ಕಷಾಯ ಹಿತ. ಮೊಸರು, ಸಿಹಿ, ಕರಿದ ತಿಂಡಿ ಮಿತ. ಸ್ಥೂಲಕಾಯರು ಏರುದಾರಿಯಲ್ಲಿ ಮಂಡಿಯ ಮೇಲೆ ಭಾರ ಬೀಳದಂತೆ ಊರುಗೋಲು ಹಿಡಿಯಬೇಕು.

ಕಫದವರಿಗೆ ಹಸಿವು, ಬಾಯಾರಿಕೆ, ತಾಪ, ಬೆವರುಗಳು ಅಲ್ಪವೆಂದು ಶಾಸ್ತ್ರ ಹೇಳುತ್ತದೆ. ಇದು ಅವರ ಬಲ. ಇದರಲ್ಲೇ ಅಪಾಯವೂ ಅಡಗಿದೆ. ದೇಹದ ಕೂಗು ಅವರಿಗೆ ತಡವಾಗಿ ಕೇಳಿಸುತ್ತದೆ. ಕೇಳಿಸಿದರೂ ಬಾಯಿಬಿಟ್ಟು ಹೇಳುವವರಲ್ಲ.

ಸಕ್ಕರೆ ಕಾಯಿಲೆಯಿದ್ದ ರೈತರೊಬ್ಬರ ಪ್ರಸಂಗ ಇಲ್ಲಿ ಹೇಳತಕ್ಕದ್ದು. ವಯಸ್ಸು ಅರವತ್ತರ ಹತ್ತಿರ. ಬರಿಗಾಲಿನ ಹರಕೆ ಹೊತ್ತು ಬಂಧುಗಳೊಡನೆ ಎರಡು ದಿನ ನಡೆದರು. ಉಳಿದವರು ಕಲ್ಲು ಮುಳ್ಳೆಂದು ಗೋಳಾಡಿದರೂ ಇವರು ಒಂದು ಮಾತನ್ನೂ ಆಡಲಿಲ್ಲವಂತೆ. ಗುಂಪಿನವರೆಲ್ಲ ಅವರ ಸಹನೆಯನ್ನು ಕೊಂಡಾಡಿದರು. ಮನೆಗೆ ಬಂದ ಮಾರನೆಯ ದಿನ ಸೊಸೆ ನೆಲ ಸಾರಿಸುವಾಗ ಪಡಸಾಲೆಯಿಂದ ಅಡುಗೆಮನೆಯವರೆಗೆ ಕೆಂಪು ಹೆಜ್ಜೆಗುರುತುಗಳನ್ನು ಕಂಡರು. ಅಂಗಾಲಿನಲ್ಲಿ ಜಲ್ಲಿಯ ಚೂರು ಹೊಕ್ಕು, ಗಾಯ ಆಳವಾಗಿ, ಒಳಗೆ ಕೀವುಗಟ್ಟಿತ್ತು. ನಮ್ಮಲ್ಲಿಗೆ ಬಂದೊಡನೆಯೇ ನಾವು ಅವರನ್ನು ಶಸ್ತ್ರವೈದ್ಯರಲ್ಲಿಗೆ ಕಳುಹಿಸಿದೆವು. ಕಾಲು ಉಳಿಯಿತು, ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಗುಂಪು ಸಹನೆಯೆಂದು ಹೊಗಳಿದ್ದು ಸಹನೆಯಾಗಿರಲಿಲ್ಲ. ಆ ಅಂಗಾಲಿಗೆ ನೋವಿನ ಅರಿವೇ ಉಳಿದಿರಲಿಲ್ಲ.

ಬರಿಗಾಲ ಹರಕೆಯ ವಿಚಾರ

ಪ್ರಮೇಹಕ್ಕೆ ನಡಿಗೆಯೇ ಮದ್ದೆಂದು ಸುಶ್ರುತರೇ ಹೇಳಿದ್ದಾರಲ್ಲ ಎಂದು ಬಲ್ಲವರು ಕೇಳಬಹುದು. ಹೌದು. ಹಣವೂ ಬಂಧುಗಳೂ ಇಲ್ಲದ ಪ್ರಮೇಹಿಯು ಕೊಡೆ ಪಾದರಕ್ಷೆಗಳಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಊರಿಗೊಂದು ರಾತ್ರಿ ತಂಗುತ್ತ, ನೂರು ಯೋಜನ ಅಥವಾ ಇನ್ನೂ ಹೆಚ್ಚು ನಡೆಯಲಿ ಎಂಬ ಆದೇಶ ಸುಶ್ರುತಸಂಹಿತೆಯಲ್ಲಿದೆ. ಆದರೆ ಅದೇ ಅಧ್ಯಾಯವು ಪ್ರಮೇಹಿಗಳಲ್ಲಿ ಕೃಶರು, ಸ್ಥೂಲರು ಎಂದು ಎರಡು ಬಗೆ ಮಾಡಿ, ಕೃಶರನ್ನು ಪೋಷಿಸಬೇಕು, ಸ್ಥೂಲರನ್ನು ಕರಗಿಸಬೇಕು ಎಂದೂ ವಿಧಿಸುತ್ತದೆ. ಎಲ್ಲರಿಗೂ ಒಂದೇ ದಾರಿಯನ್ನು ಅದು ತೋರಿಸಿಲ್ಲ. ಕೈಕಾಲುಗಳ ಜೋಮು, ಉರಿಗಳನ್ನು ಚರಕರು ಪ್ರಮೇಹದ ಪೂರ್ವರೂಪಗಳಲ್ಲಿ ಎಣಿಸಿದ್ದಾರೆ. ಪಾದದ ಅರಿವು ಮಂಕಾಗುವುದನ್ನು ಪ್ರಾಚೀನರು ಬಲ್ಲವರಾಗಿದ್ದರು. ಹತ್ತಾರು ವರ್ಷ ಸಕ್ಕರೆ ಕಾಯಿಲೆಯೊಡನೆ ಬದುಕುವ ಇಂದಿನವರು ಡಾಂಬರು, ಜಲ್ಲಿ, ಗಾಜಿನ ಚೂರುಗಳಿರುವ ರಸ್ತೆಯಲ್ಲಿ ಆ ಒಂದು ಮಾತನ್ನು ಮಾತ್ರ ಎತ್ತಿಕೊಂಡು ಬರಿಗಾಲಲ್ಲಿ ನಡೆಯುವುದು ತರವಲ್ಲ.

ಹೊರಡುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಕಾಯಿಲೆಯವರು ಕಣ್ಣು ಮುಚ್ಚಿ ಮಲಗಲಿ. ಮನೆಯವರೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತಮ್ಮ ಬೆರಳಿನಿಂದ ಒಂದೆರಡು ಕ್ಷಣ ಮೆಲ್ಲಗೆ ಮುಟ್ಟಲಿ, ಒತ್ತಬಾರದು, ತಟ್ಟಬಾರದು. ಈ ಆರರಲ್ಲಿ ಎರಡು ಕಡೆಯಾದರೂ ಸ್ಪರ್ಶ ತಿಳಿಯದಿದ್ದರೆ ಪಾದದ ಅರಿವು ಕುಗ್ಗಿದೆಯೆಂದು ಭಾವಿಸಿ ವೈದ್ಯರನ್ನು ಕಾಣಬೇಕು. ಅಂಥವರು ಬರಿಗಾಲಲ್ಲಿ ಮನೆಯಂಗಳವನ್ನೂ ತುಳಿಯಬಾರದು.

ಹರಕೆಯನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ದಾರಿಯನ್ನೆಲ್ಲ ಮೆತ್ತನೆಯ, ಆಗಲೇ ಕಾಲಿಗೆ ಒಗ್ಗಿದ ಪಾದರಕ್ಷೆಯಲ್ಲಿ ನಡೆದು, ಕಲ್ಲುಹಾಸು ಕಾಯುವ ಮುನ್ನ ಬೆಳಗಿನ ಹೊತ್ತಿನಲ್ಲಿ ದರ್ಶನ ಮಾಡಿ, ಗುಡಿಯೊಳಗೆ ಅನುಮತಿಯಿದ್ದರೆ ದಪ್ಪನೆಯ ಕಾಲುಚೀಲ ತೊಟ್ಟು ಪ್ರದಕ್ಷಿಣೆ ಹಾಕಿದರೆ ಭಕ್ತಿಗೆ ಯಾವ ಕೊರತೆಯೂ ಆಗದು. ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅವನ್ನು ತಾವಾಗಿ ನಿಲ್ಲಿಸಬಾರದು. ಹೆಚ್ಚು ನಡೆಯುವ ದಿನಗಳ ಪ್ರಮಾಣವನ್ನು ವೈದ್ಯರಿಂದ ಮೊದಲೇ ಕೇಳಿಕೊಳ್ಳಬೇಕು. ಊಟದ ಹೊತ್ತು ತಪ್ಪಬಾರದು. ನಡೆಯುವಾಗ ಮೈನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬಂದರೆ ಸಕ್ಕರೆಯಂಶ ಇಳಿದಿರಬಹುದು. ಕಿಸೆಯಲ್ಲಿ ಬೆಲ್ಲ ಅಥವಾ ಸಕ್ಕರೆ ಇರಲೇಬೇಕು.

ವಯಸ್ಸು ಪ್ರಕೃತಿಯನ್ನು ಮುಟ್ಟುತ್ತದೆ

ಬಾಲ್ಯದಲ್ಲಿ ಕಫ, ನಡುವಯಸ್ಸಿನಲ್ಲಿ ಪಿತ್ತ, ಮುಪ್ಪಿನಲ್ಲಿ ವಾತ ಬಲವಾಗಿರುತ್ತವೆಂದು ವಾಗ್ಭಟರು ಹೇಳುತ್ತಾರೆ. ಹುಟ್ಟಿನ ಪ್ರಕೃತಿ ಯಾವುದೇ ಇರಲಿ, ಅರವತ್ತು ದಾಟಿದ ಮೇಲೆ ಅದರ ಮೇಲೊಂದು ಗಾಳಿಯ ಹೊದಿಕೆ ಬೀಳುತ್ತದೆ. ಮೂವತ್ತರಲ್ಲಿ ಒಂದೇ ಉಸಿರಿಗೆ ಹತ್ತಿದ ಗುಡ್ಡ ಅರವತ್ತೈದರಲ್ಲೂ ಅಷ್ಟೇ ಎತ್ತರವಿರುತ್ತದೆ; ಹತ್ತುವ ಸಂದುಗಳು ಒಣಗಿರುತ್ತವೆ. ನಮ್ಮ ಓರಗೆಯವರು ಹಳೆಯ ನಡಿಗೆಯ ನೆನಪನ್ನು ಇಂದಿನ ಅಳತೆಗೋಲು ಮಾಡಿಕೊಳ್ಳಬಾರದು. ಹೊರಡುವುದಕ್ಕೆ ಒಂದು ತಿಂಗಳು ಮುಂಚೆಯೇ ದಿನವೂ ಅರ್ಧ ಗಂಟೆಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿಕೊಂಡರೆ ದೇಹ ಒಪ್ಪುತ್ತದೆ.

ಮನಸ್ಸಿನ ಬಗೆಗಳೂ ಉಂಟು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅಂತರ್ಮುಖಿ, ಬಹಿರ್ಮುಖಿ ಎಂಬ ವಿಭಾಗ ಲೋಕಪ್ರಸಿದ್ಧವಾಯಿತು. ಬಹಿರ್ಮುಖಿಗೆ ನಡಿಗೆಯೆಂದರೆ ಜೊತೆ, ಹಾಡು, ಮಾತು. ಅಂತರ್ಮುಖಿಗೆ ನಡಿಗೆಯೆಂದರೆ ಸಿಕ್ಕಲಾರದ ಏಕಾಂತ ಸಿಕ್ಕ ಹೊತ್ತು. ಒಬ್ಬರು ಹಿಂದುಳಿದು ಮೌನವಾಗಿ ನಡೆದರೆ ಮುನಿದಿದ್ದಾರೆಂದು ತಿಳಿಯಬೇಕಾಗಿಲ್ಲ. ಆದರೆ ಎಂದೂ ಮಾತನಾಡುವವರು ಮೌನವಾದರೆ, ಎಂದೂ ಮೌನದವರು ಚಡಪಡಿಸಿದರೆ, ಅಲ್ಲಿ ನಿಂತು ವಿಚಾರಿಸಬೇಕು.

ಕೂಡಿ ನಡೆಯುವ ಬಗೆ

ಕೂಡಿ ನಡೆಯುವುದನ್ನು ಪಂಢರಪುರದ ವಾರಕರಿಗಳಿಂದ ಕಲಿಯಬೇಕು. ಆಷಾಢ ಏಕಾದಶಿಗೆ ಪಂಢರಪುರವನ್ನು ಸೇರಲು ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಲ್ಲಕ್ಕಿಗಳೊಡನೆ ಹೊರಡುವ ಲಕ್ಷಾಂತರ ಜನ ‘ದಿಂಡಿ’ ಎಂಬ ಗುಂಪುಗಳಲ್ಲಿ ಸಾಗುತ್ತಾರೆ. ತಂಗುದಾಣಗಳು ಮೊದಲೇ ಗೊತ್ತಾಗಿರುತ್ತವೆ. ಹೆಜ್ಜೆಯ ವೇಗವನ್ನು ತಾಳದ ಲಯ ಹಿಡಿದಿಡುತ್ತದೆ. ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆಯುವ ಮಲ್ಲಯ್ಯನ ಭಕ್ತರಲ್ಲಿಯೂ ದಾರಿಯುದ್ದಕ್ಕೂ ದಾಸೋಹದ, ವಿಶ್ರಾಂತಿಯ ಏರ್ಪಾಡು ಇರುತ್ತದೆ. ನಮ್ಮ ಐದಾರು ಜನರ ಸಣ್ಣ ಗುಂಪಿಗೂ ಒಂದು ಕ್ರಮ ಬೇಕು.

ನಿಧಾನವಾಗಿ ನಡೆಯುವವರು ಮುಂದಿರಲಿ, ಬಲವುಳ್ಳವರು ಹಿಂದಿರಲಿ. ಆಗ ಯಾರೂ ಹಿಂದುಳಿಯುವುದಿಲ್ಲ. ಲೆಕ್ಕವಿಡುವ ಪಿತ್ತದವರಿಗೆ ಹೊತ್ತಿನ ಹೊಣೆ ಕೊಡಿ, ವೇಗದ ಹೊಣೆ ಬೇಡ. ಗಂಟೆಗೊಮ್ಮೆ ಹತ್ತು ನಿಮಿಷ ಎಲ್ಲರೂ ಕುಳಿತುಕೊಳ್ಳಬೇಕು; ಬಾಯಾರಿಕೆ ಇರಲಿ ಇಲ್ಲದಿರಲಿ, ಎಲ್ಲರೂ ನಾಲ್ಕು ಗುಟುಕು ನೀರು ಕುಡಿಯಬೇಕು. ಹೆಣ್ಣುಮಕ್ಕಳು ದಾರಿಯಲ್ಲಿ ಅನುಕೂಲವಿಲ್ಲವೆಂದು ನೀರನ್ನೇ ಕುಡಿಯದೆ, ಮೂತ್ರವನ್ನು ತಡೆದುಕೊಂಡು ನಡೆಯುವುದನ್ನು ನಾವು ಬಲ್ಲೆವು. ಪ್ರವಾಸ ಮುಗಿದ ಮೇಲೆ ಉರಿಮೂತ್ರವೆಂದು ಬರುವವರಲ್ಲಿ ಹೆಚ್ಚಿನವರು ಅವರೇ. ಶೌಚಾಲಯವಿರುವ ಊರನ್ನು ನೋಡಿ ನಿಲ್ದಾಣಗಳನ್ನು ಗೊತ್ತುಮಾಡುವುದು ಹೊರಡಿಸುವವರ ಕರ್ತವ್ಯ. ದಿನದಲ್ಲಿ ಒಂದು ಗಂಟೆಯಾದರೂ ಯಾರೂ ಮಾತನಾಡದೆ ನಡೆಯಲಿ.

ಸಂಜೆ ತಂಗಿದ ಮೇಲೆ ಎಲ್ಲರ ಪಾದಗಳನ್ನೂ ತೊಳೆದು, ಒರೆಸಿ, ಬೆಳಕಿನಲ್ಲಿ ನೋಡಬೇಕು. ತನ್ನ ಅಂಗಾಲು ತನಗೆ ಕಾಣುವುದಿಲ್ಲ. ಒಬ್ಬರ ಪಾದವನ್ನು ಇನ್ನೊಬ್ಬರು ನೋಡಬೇಕು. ಗುಳ್ಳೆ, ಕೆಂಪು, ಬಿರುಕು ಕಂಡರೆ ಮಾರನೆಯ ದಿನ ಅವರಿಗೆ ನಡಿಗೆಯಿಲ್ಲ. ಪಾದಪೂಜೆಯ ಸಂಪ್ರದಾಯದಲ್ಲಿ ಬೆಳೆದ ನಮಗೆ ಸಂಗಾತಿಯ ಪಾದ ಮುಟ್ಟುವುದು ಸಂಕೋಚದ ವಿಷಯವಾಗಬಾರದು.

ಋತು ಮತ್ತು ಕಾಡು

ಹೇಮಂತ, ಶಿಶಿರಗಳಲ್ಲಿ ದೇಹಬಲ ಉತ್ತಮವಾಗಿರುವುದರಿಂದ ದೂರದ ನಡಿಗೆಗೆ ಅವೇ ತಕ್ಕ ಕಾಲ. ಗ್ರೀಷ್ಮದಲ್ಲಿಯೂ ಮಳೆಗಾಲದಲ್ಲಿಯೂ ವ್ಯಾಯಾಮವನ್ನು ತಗ್ಗಿಸಬೇಕೆಂಬುದು ಋತುಚರ್ಯೆಯ ನಿಯಮ. ಆದರೆ ನಮ್ಮ ಸೀಮೆಯಲ್ಲಿ ನಡಿಗೆಯ ಈ ಒಳ್ಳೆಯ ಕಾಲವೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಆ ವ್ಯಾಧಿಯನ್ನು ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಲೋಕದ ವೈದ್ಯಗ್ರಂಥಗಳಲ್ಲಿ ಅದಕ್ಕೆ ಆ ಕಾಡಿನ ಹೆಸರೇ ಉಳಿದಿದೆ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಕಾಡಿನ ಉಣುಗುಗಳ ಕಡಿತದಿಂದ ಅದು ಮನುಷ್ಯರಿಗೆ ಅಂಟುತ್ತದೆ.

ಆದುದರಿಂದ ಈ ತಿಂಗಳುಗಳಲ್ಲಿ ರಸ್ತೆ, ಕೆರೆಯೇರಿ, ಗದ್ದೆಬದುಗಳ ದಾರಿಯನ್ನೇ ಹಿಡಿಯಿರಿ. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಮಂಗ ಸತ್ತುಬಿದ್ದಿರುವ ಜಾಗದ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಂಚಿನಲ್ಲಿ ನಡೆಯಲೇಬೇಕಾದರೆ ಮೈತುಂಬ ಬಟ್ಟೆ ಧರಿಸಿ, ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಿರಿ. ಕಾಡಿಗೆ ಹೋಗಿಬಂದ ಕೆಲವು ದಿನಗಳಲ್ಲಿ ಏಕಾಏಕಿ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಮೃತಬಳ್ಳಿಯ ಕಷಾಯ ಕುಡಿದು ಕಾಯುತ್ತ ಕೂರದೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸಿರಿ. ಮಳೆಗಾಲದಲ್ಲಿ ಇಂಬಳ ಕಚ್ಚಿದರೆ ಎಳೆಯದೆ ಉಪ್ಪು ಮುಟ್ಟಿಸಿ ಬಿಡಿಸಿಕೊಂಡು, ಗಾಯ ತೊಳೆದರೆ ಸಾಕು.

ಓದುಗರು ಈ ಸಲ ಹೊರಡುವ ಮುನ್ನ ಒಂದು ಸಂಜೆ ಜೊತೆಗಾರರನ್ನೆಲ್ಲ ಕೂರಿಸಿಕೊಂಡು, ನಮ್ಮಲ್ಲಿ ಗಾಳಿ ಯಾರು, ಬೆಂಕಿ ಯಾರು, ಆನೆ ಯಾರು ಎಂದು ನಗುನಗುತ್ತಲೇ ಮಾತನಾಡಿಕೊಳ್ಳಲಿ. ಗಾಳಿಯವರನ್ನು ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರಿಸುವವರು ಯಾರು, ಬೆಂಕಿಯವರನ್ನು ನೆರಳಿನಲ್ಲಿ ನಿಲ್ಲಿಸುವವರು ಯಾರು ಎಂಬುದು ಅಂದೇ ನಿಶ್ಚಯವಾಗಲಿ. ಎಲ್ಲಕ್ಕಿಂತ ಮಿಗಿಲಾಗಿ, ಗುಂಪಿನಲ್ಲಿ ಏನನ್ನೂ ಬೇಡದೆ, ಏನನ್ನೂ ಹೇಳದೆ, ಎಲ್ಲರ ಚೀಲ ಹೊತ್ತು ಹಿಂದೆ ನಡೆಯುವ ಒಬ್ಬರು ಇದ್ದೇ ಇರುತ್ತಾರೆ. ಅವರ ಚೀಲವನ್ನು ಇಳಿಸಿ, ಅವರ ಪಾದವನ್ನು ಮೊದಲು ನೋಡಿರಿ.